ಜೀನತ ಮೇಡಂ ಮಾಡಿದ ವಂದನಾರ್ಪಣೆ

ಜೀನತ ಮೇಡಂ ಇನ್ನೂ ಯಾಕೆ ಮದುವೆಯಾಗಿಲ್ಲ ಎಂಬುದಕ್ಕೆ ಗೋಕಾಕದಲ್ಲಿ ಒಂದು ಕಾರಣವಿತ್ತು, ಹುಕ್ಕೇರಿಯಲ್ಲಿ ಇನ್ನೊಂದಿತ್ತು, ಕುಲಗೋಡದಲ್ಲಿ ಮೂರನೆಯದಿತ್ತು. ಮೂರೂ ಸುಳ್ಳು. ಆದರೆ ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಸುಳ್ಳುಗಳಾದ್ದರಿಂದ ಅವುಗಳ ನೆರಳಿನಲ್ಲಿ ಆಕೆ ಬಹಳ ವರ್ಷ ತಂಪಾಗಿ ಬದುಕಿದ್ದಳು.

ಗೋಕಾಕದ ಕಾರಣವನ್ನು ಕಂಡುಹಿಡಿದವಳು ಮನೆಯ ಮಾಲಕಿ ಕಾಶೆವ್ವ. "ನಮ್ಮ ಮ್ಯಾಲಿನ ಮನಿ ಮೇಡಂ ಭಾಳ ಓದ್ಯಾರ. ಅಷ್ಟು ಓದಿದವರಿಗೆ ಗಂಡ ಎಲ್ಲಿಂದ ತರೂದು? ಓದಿದ ಗಂಡಸರು ಓದಿದವರನ್ನ ಒಲ್ಲೆ ಅಂತಾರ, ಓದದವರನ್ನ ಇವರು ಒಲ್ಲೆ ಅಂತಾರ" ಎಂದು ಆಕೆ ಓಣಿಗೆಲ್ಲ ವಿವರಿಸಿದ್ದಳು. ಹುಕ್ಕೇರಿಯ ಕಾರಣ ತಾಯಿ ಸುಲ್ತಾನಾಬಿಯದು. ಜೀನತಳ ಜೊತೆಗೆ ಅದೇ ಮನೆಯಲ್ಲಿ ಶೈಲಾ ಎಂಬ ನರ್ಸ್ ಇದ್ದಳಲ್ಲ, ಕುಲಗೋಡದ ಕುರುಬರ ಹುಡುಗಿ, ಪಾಪದ್ದು, ಊರು ಬಿಟ್ಟು ಬಂದವಳು. ಅವಳನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗದೆ ನನ್ನ ಮಗಳು ಲಗ್ನವನ್ನೇ ಬಿಟ್ಟಳು ಎಂದು ಸುಲ್ತಾನಾಬಿ ನಂಬಿದ್ದಳು. ಅತ್ತ ಕುಲಗೋಡದಲ್ಲಿ ಶೈಲಾಳ ತಾಯಿ ರಾಮವ್ವ ಇದನ್ನೇ ತಿರುಗಿಸಿ ಹೇಳುತ್ತಿದ್ದಳು: ಆ ಸಾಬರ ಹುಡುಗಿಗೆ ಪ್ಯಾಟಿಯೊಳಗೆ ಯಾರೂ ಇಲ್ಲ, ನಮ್ಮ ಶೈಲಾ ಅವಳಿಗಾಗಿ ತನ್ನ ಸಂಸಾರ ತ್ಯಾಗ ಮಾಡ್ಯಾಳ.

ತಮ್ಮ ಮಗಳು ಇನ್ನೊಬ್ಬರ ಮಗಳಿಗಾಗಿ ತ್ಯಾಗ ಮಾಡುತ್ತಿದ್ದಾಳೆಂದು ಎರಡೂ ಮನೆಯವರು ನಂಬಿದ್ದರಿಂದ ಎರಡೂ ಕಡೆಯಿಂದ ಬಸ್ಸಿನ ಮೇಲೆ ಡಬ್ಬಿಗಳು ಬರುತ್ತಿದ್ದವು. ಒಂದರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದರಲ್ಲಿ ಖೀಮಾ, ಶಾವಿಗೆ. ತ್ಯಾಗಿಗಳಿಬ್ಬರೂ ಕೂತು ಉಣ್ಣುತ್ತಿದ್ದರು.

ನಿಜ ಸಂಗತಿ ಇಷ್ಟೇ. ಜೀನತ ಮತ್ತು ಶೈಲಾ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಸಂಜೆ ಶೈಲಾ ಆಸ್ಪತ್ರೆಯ ಪಾಳಿ ಮುಗಿಸಿ ಬರುವ ಹೊತ್ತಿಗೆ ಜೀನತ ಚಹಾಕ್ಕೆ ನೀರಿಟ್ಟಿರುತ್ತಿದ್ದಳು. ನೀರು ಕುದಿಯುವ ಸದ್ದಿಗೂ ಮೆಟ್ಟಿಲು ಹತ್ತುವ ಸದ್ದಿಗೂ ವರ್ಷಗಳಿಂದ ಒಂದು ಹೊಂದಾಣಿಕೆ ಬೆಳೆದಿತ್ತು. ಇಬ್ಬರೂ ಒಂದೇ ಸಂಸ್ಥೆಯಲ್ಲಿದ್ದರು. ಜೀನತ ಗೋಕಾಕದ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು, ಶೈಲಾ ಅದಕ್ಕೇ ಹೊಂದಿಕೊಂಡ ಆಸ್ಪತ್ರೆಯ ಹೆಂಗಸರ ವಾರ್ಡನ್ನು ನೋಡಿಕೊಳ್ಳುತ್ತಿದ್ದಳು. ಹೀಗೆ ನಡೆಯುತ್ತಿದ್ದ ಬದುಕಿನೊಳಕ್ಕೆ ಒಂದು ದಿನ ಮೇಲಿನಿಂದ ಆದೇಶ ಬಂತು.

ಆದೇಶ ಒಳ್ಳೆಯದೇ. ಗಂಡು ಗಂಡನ್ನು ಪ್ರೀತಿಸುವವರು, ಹೆಣ್ಣು ಹೆಣ್ಣನ್ನು ಪ್ರೀತಿಸುವವರು, ಹುಟ್ಟಿದ ಲಿಂಗಕ್ಕೆ ಒಗ್ಗದೆ ಬೇರೆಯಾಗಿ ಬದುಕುವವರು, ಇಂಥ ವಿದ್ಯಾರ್ಥಿಗಳಿಗೂ ರೋಗಿಗಳಿಗೂ ಕಾಲೇಜು ಆಸರೆಯಾಗಬೇಕು. ಅದಕ್ಕೊಂದು ಸಮಿತಿ ಆಗಬೇಕು. ಊರೂರಿಗೆ ಹೋಗಿ ಜಾಗೃತಿ ಮೂಡಿಸಬೇಕು. ಕಾರ್ಯಕ್ರಮದ ಫೋಟೊ ಕಳಿಸಬೇಕು. ಪ್ರಾಂಶುಪಾಲ ಅಣ್ಣಾಸಾಹೇಬರು ಎಲ್ಲವನ್ನೂ ಓದಿ ಕೊನೆಯ ವಾಕ್ಯಕ್ಕೆ ಮಾತ್ರ ಕೆಂಪು ಗೆರೆ ಎಳೆದರು. ಆಮೇಲೆ ಜೀನತಳನ್ನು ಕರೆಸಿದರು.

"ಮೇಡಂ, ಆ ವಿಷಯ ನೀವ ತಗೋರಿ."

ಅವರು ಅದನ್ನು "ಆ ವಿಷಯ" ಎಂದರು. ಅಂದಿನಿಂದ ಕಾಲೇಜಿನಲ್ಲಿ ಅದಕ್ಕೆ ಬೇರೆ ಹೆಸರೇ ಬರಲಿಲ್ಲ. ಆ ವಿಷಯದ ಸಮಿತಿ, ಆ ವಿಷಯದ ಬ್ಯಾನರು, ಆ ವಿಷಯದ ಚಹಾ-ಬಿಸ್ಕೀಟು.

"ನಾನ ಯಾಕ್ರಿ ಸರ್?"

"ಬಾಕಿಯವರಿಗೆ ಮನಿ, ಮಕ್ಕಳು, ಸಂಸಾರ ಅದಾವ್ರಿ. ಇಂಥಾದ್ದನ್ನ ತಲ್ಯಾಗ ಇಟಗೊಂಡು ಮನಿಗೆ ಹೋಗಾಕ ಆಗೂದಿಲ್ಲ. ನಿಮ್ದು ಹಂಗಲ್ಲ. ನೀವು ಒಬ್ಬರ ಅದೀರಿ."

ಜೀನತ ತಲೆ ತಗ್ಗಿಸಿ ಆದೇಶದ ಪ್ರತಿಯನ್ನು ಮಡಚಿದಳು. ನಗು ಬಂದಿತ್ತು, ಅದು ಕಾಣಬಾರದಿತ್ತು. "ಮತ್ತ ಸರ್, ನಮ್ಮ ಕಾಲೇಜಿನ್ಯಾಗ ಅಂಥಾ ವಿದ್ಯಾರ್ಥಿಗಳು ಯಾರರ ಇದ್ರ..."

"ಯಾರೂ ಇಲ್ಲ. ನಮ್ಮದು ಶಿಸ್ತಿನ ಕಾಲೇಜು. ಇಲ್ಲದವರಿಗೆ ಆಸರಾ ಕೊಡೂದು ಭಾಳ ಸಲೀಸ ಇರತೈತಿ ಮೇಡಂ, ಅಂಜಬ್ಯಾಡ್ರಿ."

ನರ್ಸಿಂಗ್ ಕಾಲೇಜಿನವರಿಗೆ ಜಾಗೃತಿ ಎಂದರೆ ಬೀದಿನಾಟಕ. ಆ ಕಾಲೇಜಿನಲ್ಲಿ ನಾಟಕ ಒಂದೇ ಇತ್ತು. ಅದು ಕ್ಷಯರೋಗದ ದಿನಕ್ಕೆಂದು ಯಾವ ಕಾಲದಲ್ಲೋ ಬರೆದದ್ದು. ರೋಗಿ ಕೆಮ್ಮುತ್ತಾ ಬರುತ್ತಾನೆ. ಜನ ದೂರ ಸರಿಯುತ್ತಾರೆ. ಬಿಳಿ ಸಮವಸ್ತ್ರದ ನರ್ಸ್ ಬಂದು ಗುಳಿಗೆ ಕೊಡುತ್ತಾಳೆ. ರೋಗಿ ಗುಣವಾಗಿ ಎದ್ದು ನಿಲ್ಲುತ್ತಾನೆ, ಎಲ್ಲರೂ ಹಾಡುತ್ತಾರೆ. ಡೆಂಗಿ ಮಾಸ ಬಂದಾಗ ಅದೇ ನಾಟಕದ ಮುಂದೆ ಸೊಳ್ಳೆ ಪರದೆ ಕಟ್ಟುತ್ತಿದ್ದರು. ಎದೆಹಾಲಿನ ಸಪ್ತಾಹದಲ್ಲೂ ತಾಯಿ-ಮಗುವಿನ ಹಿಂದೆ ಒಬ್ಬ ಕೆಮ್ಮುತ್ತಾ ದಾಟಿಹೋಗುತ್ತಿದ್ದ. ಆ ಕೆಮ್ಮುವವನು ಮೂರನೆಯ ವರ್ಷದ ಮಾಳು. ಕುರಿ ಕಾಯುವ ಮನೆತನದ ಹುಡುಗ, ಗಟ್ಟಿ ಎದೆಯವನು, ಒಮ್ಮೆಯೂ ಕೆಮ್ಮು ಬಂದವನಲ್ಲ. ನರ್ಸಿನ ಪಾತ್ರ ಯಾವಾಗಲೂ ಕೊನೆಯ ವರ್ಷದ ತಮನ್ನಾಳದು. ಮೂಡಲಗಿಯಲ್ಲಿ ಪಂಪ್‌ಸೆಟ್ ಮೋಟಾರು ದುರಸ್ತಿ ಮಾಡುವ ಆಸೀಫನ ಮಗಳು. ಮೈಕಿಲ್ಲದೆ ಮೂರು ಓಣಿಗೆ ಕೇಳಿಸುವ ಕಂಠ ಅವಳದು.

ಜೀನತ ಹೊಸದಾಗಿ ಬರೆದಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ಒಬ್ಬರಿಗೆ ಜ್ವರ ಬರುತ್ತದೆ. ಆಸ್ಪತ್ರೆಯಲ್ಲಿ ಗಂಡಸರ ಸಾಲಿನವರು ಆ ಕಡೆ ಹೋಗು ಎನ್ನುತ್ತಾರೆ, ಹೆಂಗಸರ ಸಾಲಿನವರು ಈ ಕಡೆ ಹೋಗು ಎನ್ನುತ್ತಾರೆ. ನರ್ಸ್ ಬಂದು, "ನಿಮ್ಮನ್ನ ಏನಂತ ಕರೀಲ್ರಿ?" ಎಂದು ಕೇಳುತ್ತಾಳೆ, ಹಾಸಿಗೆ ಕೊಡುತ್ತಾಳೆ. ಅಷ್ಟೇ.

ತಾಲೀಮಿನ ಮೊದಲ ದಿನ ಮಾಳು ಸೀರೆ ಸುತ್ತಿಕೊಂಡು ಬಂದು ಕೆಮ್ಮಿದ.

"ಮಾಳು, ನಿನಗ ಜ್ವರ ಬಂದೈತಿ. ಕೆಮ್ಮಬ್ಯಾಡ."

"ಕೆಮ್ಮಲಿಲ್ಲಂದ್ರ ಧೈರ್ಯ ಬರೂದಿಲ್ರಿ ಮೇಡಂ" ಎಂದ ಮಾಳು. "ಮಂದಿ ನನ್ನ ಕೆಮ್ಮಿನಿಂದನ ಗುರುತು ಹಿಡೀತಾರ."

ಎರಡನೆಯ ದಿನ ಅಣ್ಣಾಸಾಹೇಬರೇ ತಾಲೀಮು ನೋಡಲು ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಕೊನೆಯವರೆಗೂ ನೋಡಿ ಹುಬ್ಬು ಗಂಟಿಕ್ಕಿದರು.

"ಮೇಡಂ, ಇದರಾಗ ರೋಗ ಯಾವುದು?"

"ಜ್ವರ ಸರ್."

"ಅದು ಗುಣ ಆತು, ನೋಡಿದೆ. ಆ ವಿಷಯ?"

"ಅದು ರೋಗ ಅಲ್ರಿ ಸರ್. ಅದು ಹಂಗ ಇರತೈತಿ."

"ಹಂಗ ಇರತೈತಿ ಅಂದ್ರ? ಕಡೀಕ ಗುಣ ಆಗಬೇಕಲ್ರಿ! ಗುಣ ಆಗಲಿಲ್ಲಂದ್ರ ನಾಟಕ ಮುಗೀತು ಅಂತ ಮಂದಿಗೆ ಹೆಂಗ ಗೊತ್ತಾಗತೈತಿ?"

ಜೀನತ ಆದೇಶವನ್ನು ತೆಗೆದು ತೋರಿಸಿದಳು. ಇದು ಕಾಯಿಲೆಯಲ್ಲ, ವಾಸಿ ಮಾಡುತ್ತೇವೆಂದು ಯಾರೂ ಹೇಳಬಾರದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಮೇಲಿನಿಂದ ಬಂದ ಮಾತಿಗೆ ಅಣ್ಣಾಸಾಹೇಬರು ಎಂದೂ ಎದುರಾಡಿದವರಲ್ಲ. "ಹಂಗಾರ ಹಾಡು ಸ್ವಲ್ಪ ಉದ್ದ ಮಾಡ್ರಿ" ಎಂದು ಎದ್ದುಹೋದರು.

ಮೊದಲ ಪ್ರದರ್ಶನ ಮೂಡಲಗಿಯ ಬಸ್ ನಿಲ್ದಾಣದ ಹತ್ತಿರ ನಡೆಯಿತು. ಮಾಳುವಿನ ಸೀರೆ ಕಂಡೊಡನೆ ಜನ ನಕ್ಕರು. ಸಿಳ್ಳೆ ಹೊಡೆದರು. ತಮನ್ನಾ ಬಂದು, ಸಿಳ್ಳೆ ಹೊಡೆಯುವ ಜನರ ನಡುವೆ ನಿಂತು, ಸಣ್ಣ ದನಿಯಲ್ಲಿ "ನಿಮ್ಮನ್ನ ಏನಂತ ಕರೀಲ್ರಿ?" ಎಂದು ಕೇಳಿದಾಗ ಯಾಕೋ ನಗು ನಿಂತಿತು. ಆಕೆ ತನ್ನ ದೊಡ್ಡ ಕಂಠವನ್ನು ಅದೊಂದು ಮಾತಿಗೆ ಬಳಸಲಿಲ್ಲ. ಹಾಗೆ ಮಾಡು ಎಂದು ಜೀನತ ಹೇಳಿಕೊಟ್ಟಿರಲಿಲ್ಲ.

ನಾಟಕ ಮುಗಿದ ಮೇಲೆ ಹಸಿರು ಸೀರೆಯ ಎತ್ತರದ ವ್ಯಕ್ತಿಯೊಬ್ಬರು ಗುಂಪು ಸೀಳಿಕೊಂಡು ಬಂದರು. ತುಕ್ಕಾನಟ್ಟಿಯ ಅಕ್ಕವ್ವ. ಗಂಡುಮಗುವಾಗಿ ಹುಟ್ಟಿ, ಹರೆಯದಲ್ಲಿ ದೇವಿಗೆ ಮೀಸಲಾಗಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟ ಜೋಗಮ್ಮ. ಮಂಗಳವಾರ, ಶುಕ್ರವಾರ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು.

"ಏನ್ ಬಾಯಾರ, ಇದು ಬರೇ ಆಟಾನೋ, ಇಲ್ಲಾ ನಿಮ್ಮ ದವಾಖಾನ್ಯಾಗ ಖರೇನ ಹಿಂಗ ಮಾತಾಡಸ್ತೀರೋ?"

"ಬಂದು ನೋಡ್ರಿ" ಎಂದಳು ಜೀನತ. ಅಂದ ಮೇಲೆ ಅಂಜಿಕೆಯಾಯಿತು.

"ಬರತೇನಿ ತಗೋ. ಆ ಹುಡಗನ್ನ ಮೊದಲ ನನ್ನ ಹಂತ್ಯಾಕ ಕಳಸು. ಸೀರಿ ಉಡೂದು ಹಿಂಗೇನು? ಜ್ವರ ಬಂದ್ರೂ ನಾವು ನಿರಿಗಿ ಬಿಡೂದಿಲ್ಲ."

ಅಕ್ಕವ್ವ ಹೇಳಿದಂತೆ ಬಂದಳು. ಜ್ವರ ನಿಜವಾಗಿಯೇ ಏರಿತ್ತು. ಗೋಕಾಕದ ಆ ಆಸ್ಪತ್ರೆಯಲ್ಲಿ ಆಕೆಯನ್ನು ಅರಿಯದವರು ಯಾರಿದ್ದರು? ಆಕೆಯ ಬುಟ್ಟಿಗೆ ಜೋಳ ಹಾಕಿದವರು, ಆಕೆಯ ಕೈಯಿಂದ ಹಣೆಗೆ ಭಂಡಾರ ಹಚ್ಚಿಸಿಕೊಂಡವರು, ಮಗನಿಗೆ ನೌಕರಿ ಆಗಲೆಂದು ಆಕೆಯ ಕಾಲಿಗೆ ಬಿದ್ದವರು ಎಲ್ಲ ಅಲ್ಲೇ ಇದ್ದರು. ಆದರೆ ಕಾಲಿಗೆ ಬೀಳುವುದಕ್ಕೆ ವಾರ್ಡು ಬೇಕಾಗುವುದಿಲ್ಲ. ಮಲಗಿಸುವುದಕ್ಕೆ ಬೇಕಾಗುತ್ತದೆ. ಗಂಡಸರ ವಾರ್ಡಿನವರು ಅದು ಹೇಗೆ ಇಲ್ಲಿ ಎಂದರು, ಹೆಂಗಸರ ವಾರ್ಡಿನ ಆಯಾ ಅದೆಂಥದು ಇಲ್ಲಿ ಎಂದಳು. ದೇವಿಯ ಸ್ವರೂಪವು ಎರಡು ವಾರ್ಡುಗಳ ನಡುವಿನ ಬಾಕಿನ ಮೇಲೆ ಮುದುಡಿಕೊಂಡು ಕೂತಿತು. ಇಡೀ ಆಸ್ಪತ್ರೆ ನಾಟಕದ ಮೊದಲ ಭಾಗವನ್ನು ತಾಲೀಮಿಲ್ಲದೆ ಚೊಕ್ಕವಾಗಿ ಆಡಿ ಮುಗಿಸಿತು.

ಆ ದಿನ ತಮನ್ನಾಳ ಪಾಳಿ ಶೈಲಾಳ ಕೈಕೆಳಗಿತ್ತು. ಹುಡುಗಿ ಬಂದು ಬಾಕಿನ ಪಕ್ಕದಲ್ಲಿ ಕೂತಳು. "ಅಕ್ಕಾರ, ನಿಮಗ ಎಲ್ಲಿ ಮಲಗಿದ್ರ ಚಲೋ ಅನಸ್ತೈತ್ರಿ?"

"ಹೆಣಮಕ್ಕಳ ಕಡೆ ಮಲಗಸವ್ವಾ. ಗಂಡಸರು ದುರುಗುಟ್ಟಿ ನೋಡ್ತಾರ."

ಶೈಲಾ ಕಿಟಕಿಯ ಬಳಿಯ ಹಾಸಿಗೆ ಕೊಟ್ಟಳು, ನಡುವೆ ಪರದೆ ಎಳೆದಳು. ಆಯಾ ಗೊಣಗಿದಳು, ಮರುದಿನ ಅದೇ ಹಾಸಿಗೆಯ ಕಾಲುದೆಸೆಯಲ್ಲಿ ನಿಂತು ತನ್ನ ಸೊಸೆಗೆ ಗಂಡು ಮಗು ಆಗುವುದೋ ಎಂದು ಕೇಳುತ್ತಿದ್ದಳು. ಅಣ್ಣಾಸಾಹೇಬರು ಫೋಟೊದವನನ್ನು ಕರೆತಂದು, ಅಕ್ಕವ್ವ ಬೇಡವೆಂದು ಕೈಯಾಡಿಸಿದ ಮೇಲೆ, ಖಾಲಿ ಪರದೆಯ ಮುಂದೆ ತಮನ್ನಾಳನ್ನು ನಿಲ್ಲಿಸಿ ಫೋಟೊ ತೆಗೆಸಿದರು. ಅದು ಮೇಲಕ್ಕೆ ಹೋಯಿತು, ಮೇಲಿನಿಂದ ಮೆಚ್ಚುಗೆ ಬಂತು.

ಮೆಚ್ಚುಗೆ ಬಂದ ವಾರದಲ್ಲೇ ಹಾಸ್ಟೆಲ್ ವಾರ್ಡನ್ ದುಂಡವ್ವ ಪ್ರಾಂಶುಪಾಲರ ಕೋಣೆಗೆ ಬಂದಳು. ಜೀನತ ಅಲ್ಲೇ ಇದ್ದಳು. ತಮನ್ನಾ ಮತ್ತು ಇನ್ನೊಬ್ಬ ಹುಡುಗಿ ಮಾಳಿಗೆಯ ಮೇಲೆ ಒಂದೇ ಚಾದರ ಹೊದ್ದು ಕೈ ಹಿಡಿದುಕೊಂಡು ಕೂತಿದ್ದರು. ಕೇಳಿದರೆ ತಮನ್ನಾ ಸುಳ್ಳು ಹೇಳಲಿಲ್ಲ. "ಹೌದ್ರಿ, ನನಗ ಆಕಿ ಅಂದ್ರ ಜೀವ" ಎಂದಳಂತೆ. ಇನ್ನೊಬ್ಬ ಹುಡುಗಿ ಆಡಳಿತ ಮಂಡಳಿಯವರ ಬೀಗರ ಪೈಕಿ. ಆದ್ದರಿಂದ ಆಕೆ ಅಲ್ಲಿರಲೇ ಇಲ್ಲವೆಂದು ತೀರ್ಮಾನವಾಯಿತು. ಹೀಗಾಗಿ ತಮನ್ನಾ ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತ ಅಪರಾಧಕ್ಕೆ ಗುರಿಯಾದಳು.

"ಇವತ್ತ ಆಕೀನ ಅವರಪ್ಪನ ಕೈಯಾಗ ಕೊಟ್ಟು ಕಳಸ್ರಿ ಸರ್" ಎಂದಳು ದುಂಡವ್ವ. "ಬಾಕಿ ಹುಡಿಗ್ಯಾರೂ ಕೆಡತಾವು."

"ಸರ್, ನಮ್ಮ ಸಮಿತಿ ಇರೂದ ಇದಕ್ಕ ಅಲ್ರಿ?" ಎಂದಳು ಜೀನತ.

"ಮೇಡಂ, ಸಮಿತಿ ಬ್ಯಾರೆ, ಶಿಸ್ತು ಬ್ಯಾರೆ. ಸಮಿತಿ ಹೊರಗಿನವರಿಗೆ." ಅಣ್ಣಾಸಾಹೇಬರು ದುಂಡವ್ವನ ಕಡೆ ತಿರುಗಿದರು. "ಆದ್ರ ಇವತ್ತ ಹೆಂಗ ಕಳಸೂದು? ಸೋಮವಾರ ಹುಕ್ಕೇರಿಯೊಳಗ ದೊಡ್ಡ ಕಾರ್ಯಕ್ರಮ ಐತಿ. ಇಲಾಖೆ ಸಾಹೇಬ್ರು ಬರಾಕತ್ತಾರ. ನರ್ಸ್ ಪಾರ್ಟ್ ಯಾರ್ ಮಾಡವರು? ನೀವು ಮಾಡ್ತೀರೇನು?"

ದುಂಡವ್ವ ತನ್ನ ಮೈ ನೋಡಿಕೊಂಡಳು.

"ಸೋಮವಾರ ಮುಗೀಲಿ. ಮಂಗಳವಾರ ಅವರಪ್ಪಗ ಫೋನ್ ಹಚ್ಚೂಣು."

ಹಾಗೆ, ಇಂಥವರನ್ನು ಹೊರಗೆ ಹಾಕಬಾರದೆಂದು ಸಾರುವ ನಾಟಕದಲ್ಲಿ ಪಾತ್ರವಿದ್ದ ಕಾರಣಕ್ಕೆ ತಮನ್ನಾಳನ್ನು ಹೊರಗೆ ಹಾಕುವುದು ಮಂಗಳವಾರಕ್ಕೆ ಮುಂದೆ ಹೋಯಿತು.

ಹುಡುಗಿ ಪ್ರಯೋಗಾಲಯದ ಹಿಂದಿನ ಮೆಟ್ಟಿಲ ಮೇಲೆ ಸಿಕ್ಕಳು. ಅತ್ತಿರಲಿಲ್ಲ. "ಮೇಡಂ, ಅಪ್ಪಾ ಬಂದ್ರ ಸೀದಾ ಕರಕೊಂಡು ಹೋಗ್ತಾರ. ಕಾಕಾ ಆಗಲೇ ಎಲ್ಲೋ ಗಂಡ ನೋಡ್ಯಾರ. ಪರೀಕ್ಷಾ ಒಂದು ಬರಿಯಾಕ ಬಿಡಸ್ರಿ. ನೌಕರಿ ಒಂದು ಸಿಕ್ಕರ ಮುಂದಿಂದು ನಾ ನೋಡ್ಕೋತೇನಿ." ಮತ್ತೆ ಕೇಳಿದಳು: "ನೀವು ಆ ಸಮಿತಿಯವರಲ್ರಿ?"

ಆ ಸಂಜೆ ಜೀನತ ಚಹಾಕ್ಕೆ ನೀರಿಡುವುದನ್ನು ಮರೆತಳು. ಶೈಲಾ ಬಂದು ತಾನೇ ಇಟ್ಟಳು. ಎಲ್ಲ ಕೇಳಿದ ಮೇಲೂ ಒಲೆಯ ಕಡೆ ಮುಖ ಮಾಡಿಯೇ ನಿಂತಿದ್ದಳು.

"ನೀ ಸುಮ್ನಿರು ಜೀನಾ" ಎಂದಳು ಕೊನೆಗೆ. "ಇಷ್ಟು ವರ್ಷ ಮಂದಿ ನಮ್ಮನ್ನ ಏನೂ ಕೇಳಿಲ್ಲ. ಕೇಳಿಲ್ಲಂತನ ನಾವು ಬದುಕೇವಿ. ನೀ ಆಕಿ ಸಲುವಾಗಿ ಬಾಯಿ ತಗದಿ ಅಂದ್ರ, ನಿನಗ್ಯಾಕ ಇಷ್ಟು ಉರಿ ಅಂತ ಕೇಳ್ತಾರ. ಆಮ್ಯಾಲ?"

"ಆಕೀನ ಕೇಳಾಕತ್ತಾರಲ್ಲ, ಶೈಲಾ."

"ಆಕಿ ಹೌದಂದಳು! ಇಲ್ಲ ಅನಬೇಕಿತ್ತು. ನಾವು ಮುಚ್ಚಿಡಲಿಲ್ಲೇನು?"

ಶೈಲಾ ಚಹಾ ಸೋಸಿದಳು. ಸೋಸುವಾಗ ಕಟ್ಟೆಯ ಮೇಲೆ ಚೆಲ್ಲಿತು, ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಕಪ್ಪನ್ನು ಜೀನತಳ ಮುಂದೆ ಇಟ್ಟು, "ಅಕ್ಕವ್ವಗ ಹಾಸಿಗಿ ಕೊಡು ಅಂತ ನನಗ ಹೇಳಿದಾಕಿ ತಮನ್ನಾ" ಎಂದಳು. "ನಾ ಮೊದಲ ಸುಮ್ನ ನಿಂತಿದ್ದೆ. ನನ್ನ ವಾರ್ಡ ನನ್ನ ಕೈಯಾಗ ಇತ್ತು, ಆದ್ರೂ ನಿಂತಿದ್ದೆ." ಸುಮ್ಮನಿರು ಎಂದು ಮತ್ತೆ ಹೇಳಲಿಲ್ಲ.

ಸೋಮವಾರ ಹುಕ್ಕೇರಿಯ ಕಾರ್ಯಕ್ರಮಕ್ಕೆ ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಸಂತೆಗೆ ಬಂದವರು ನೆರಳು ಕಂಡು ಒಳಗೆ ಬಂದು ಕೂತಿದ್ದರು. ಮೊದಲ ಸಾಲಿನಲ್ಲಿ ಸುಲ್ತಾನಾಬಿ ಬುರ್ಖಾದ ಮುಸುಕನ್ನು ಮೇಲಕ್ಕೆ ಎಸೆದು, ಕಾಲಬಳಿ ಡಬ್ಬಿಯ ಚೀಲ ಇಟ್ಟುಕೊಂಡು, ಮಗಳು ವೇದಿಕೆಯ ಮೇಲೆ ಅತ್ತಿತ್ತ ಓಡಾಡುವುದನ್ನು ನೋಡುತ್ತಾ ಕೂತಿದ್ದಳು. ಕಾರ್ಯಕ್ರಮದ ವಿಷಯ ಏನೆಂದು ಆಕೆ ಕೇಳಿರಲಿಲ್ಲ. ಮಗಳದು ಎಂಬುದೇ ಆಕೆಗೆ ವಿಷಯವಾಗಿತ್ತು.

ದೀಪ ಹಚ್ಚಿದ್ದಾಯಿತು, ನಾಟಕವಾಯಿತು. ಮಾಳುವಿನ ಸೀರೆ ಈ ಸಲ ಅಚ್ಚುಕಟ್ಟಾಗಿತ್ತು. ಕೆಮ್ಮು ಮಾತ್ರ ಎಲ್ಲಿಂದಲೋ ಒಮ್ಮೆ ನುಸುಳಿತು. ತಮನ್ನಾ ಪ್ರತಿಯೊಂದು ಮಾತನ್ನೂ ಸರಿಯಾಗಿ ಹೇಳಿದಳು. ಮರುದಿನ ಏನಾಗಲಿದೆ ಎಂದು ಆಕೆಗೆ ಗೊತ್ತಿತ್ತು. ಅಣ್ಣಾಸಾಹೇಬರು ಭಾಷಣಕ್ಕೆ ನಿಂತರು. "ನಮ್ಮ ಕಾಲೇಜು ತಾಯಿಯ ಮಡಿಲಿದ್ದಂತೆ. ಇಂಥ ಮಕ್ಕಳು ಯಾರೇ ಇರಲಿ, ಈ ಮಡಿಲಿನಿಂದ ಅವರನ್ನು ಕೆಳಗಿಳಿಸುವ ಶಕ್ತಿ ಯಾರಿಗೂ ಇಲ್ಲ!" ಎನ್ನುವಾಗ ಅವರ ಕಣ್ಣುಗಳು ನಿಜವಾಗಿಯೂ ತೇವವಾದವು. ಇಲಾಖೆಯ ಸಾಹೇಬರು ತಲೆದೂಗಿದರು.

ಕೊನೆಗೆ ವಂದನಾರ್ಪಣೆ. ಈ ಕಡೆಯ ಸಭೆಗಳಲ್ಲಿ ವಂದನಾರ್ಪಣೆ ಎಂದರೆ ಜನ ಚಪ್ಪಲಿ ಹುಡುಕುವ ಸಮಯ. ಯಾರೂ ಕೇಳುವುದಿಲ್ಲ, ಯಾರೂ ಅಡ್ಡ ಮಾತಾಡುವುದಿಲ್ಲ. ಭಾಷಣವನ್ನು ಖಂಡಿಸಿದವರುಂಟು, ಸ್ವಾಗತದಲ್ಲಿ ಹೆಸರು ಬಿಟ್ಟುಹೋಯಿತೆಂದು ಮುನಿದು ಎದ್ದು ಹೋದವರುಂಟು. ಆದರೆ ತನಗೆ ಸಂದ ಧನ್ಯವಾದವನ್ನು ಸುಳ್ಳೆಂದು ನಿರಾಕರಿಸಿದ ಗಣ್ಯರನ್ನು ಈ ಮೂರು ತಾಲೂಕುಗಳು ಈವರೆಗೆ ಕಂಡಿಲ್ಲ. ಸಮಿತಿಯವಳೆಂದು ಆ ಕೆಲಸ ಜೀನತಳಿಗೆ ಬಿದ್ದಿತ್ತು.

ಆಕೆ ಪೆಂಡಾಲಿನವರಿಗೆ, ಮೈಕಿನವರಿಗೆ, ಶಾಲೆಯವರಿಗೆ ವಂದಿಸಿದಳು. ಸಾಹೇಬರಿಗೆ ವಂದಿಸಿದಳು. ಆಮೇಲೆ ಹೆಸರುಗಳ ಚೀಟಿ ಮಡಚಿ ಮೈಕಿಗೆ ಇನ್ನಷ್ಟು ಹತ್ತಿರ ಸರಿದಳು.

"ಕೊನೆಯದಾಗಿ ನಮ್ಮ ಪ್ರಾಂಶುಪಾಲರಿಗೆ ವಿಶೇಷ ವಂದನೆಗಳು. ಅವರು ಮಾತಿನಲ್ಲಿ ಹೇಳಿದ್ದನ್ನು ಕೃತಿಯಲ್ಲಿ ಮಾಡಿದವರು. ಮೊನ್ನೆ ನಮ್ಮ ಕಾಲೇಜಿನಲ್ಲಿಯೇ ಇದೇ ಕಾರಣಕ್ಕೆ ಒಬ್ಬ ವಿದ್ಯಾರ್ಥಿಯ ಮೇಲೆ ದೂರು ಬಂದಿತ್ತು. ಹೊರಗೆ ಹಾಕಿ ಎಂಬ ಒತ್ತಾಯವೂ ಇತ್ತು. ಅದಕ್ಕೆ ಮಣಿಯದೆ, ಆ ವಿದ್ಯಾರ್ಥಿ ಹಾಸ್ಟೆಲ್ಲಿನಲ್ಲಿಯೇ ಇದ್ದು ಪರೀಕ್ಷೆ ಬರೆಯಲಿ, ಮನೆಯವರಿಗೆ ಹೇಳಬೇಕೋ ಬೇಡವೋ ಎಂಬುದು ಆ ವಿದ್ಯಾರ್ಥಿಗೇ ಬಿಟ್ಟದ್ದು ಎಂದು ನಮ್ಮ ಸರ್ ತೀರ್ಮಾನಿಸಿದ್ದಾರೆ. ಇಂಥ ತೀರ್ಮಾನ ತೆಗೆದುಕೊಂಡ ಅವರಿಗೆ ಈ ಸಭೆಯ ಮುಂದೆ, ಸಾಹೇಬರ ಸಮಕ್ಷಮ, ಕೃತಜ್ಞತೆ ಸಲ್ಲಿಸುತ್ತೇನೆ."

ಅಣ್ಣಾಸಾಹೇಬರ ಬಾಯಿ ತೆರೆದಿತ್ತು. ಅಷ್ಟರಲ್ಲಿ ಮೊದಲ ಸಾಲಿನಿಂದ ಒಂದೇ ಒಂದು ಚಪ್ಪಾಳೆ ಕೇಳಿತು. ಸುಲ್ತಾನಾಬಿ. ಮಗಳು ಮಾತು ನಿಲ್ಲಿಸಿದಾಗಲೆಲ್ಲ ಚಪ್ಪಾಳೆ ಹೊಡೆಯುವುದು ಆಕೆಯ ಕ್ರಮ. ಆಕೆಯನ್ನು ನೋಡಿ ಪಕ್ಕದವರು ಹೊಡೆದರು, ಚಪ್ಪಲಿ ಹುಡುಕುತ್ತಿದ್ದವರು ಬಗ್ಗಿದಲ್ಲಿಂದಲೇ ಹೊಡೆದರು. ಚಪ್ಪಾಳೆ ಕೇಳಿದ ಕೂಡಲೇ ಅಣ್ಣಾಸಾಹೇಬರ ಕೈಗಳು ಅವರನ್ನು ಕೇಳದೆ ನಮಸ್ಕಾರಕ್ಕೆ ಕೂಡಿಕೊಂಡವು. ಸಾಹೇಬರು ಎದ್ದು ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಪ್ರಾಂಶುಪಾಲರಿಗೆ ಹೊದಿಸಿದರು. "ನಿಮ್ಮಂಥಾವರು ಬೇಕ್ರಿ" ಎಂದರು. ಫೋಟೊ ಬಿತ್ತು.

ಪೆಂಡಾಲಿನ ಹಿಂದೆ ನೀರಿನ ಡ್ರಮ್ಮಿನ ಬಳಿ ಅಣ್ಣಾಸಾಹೇಬರು ಶಾಲು ಸಮೇತ ಜೀನತಳನ್ನು ತಡೆದರು. ಕುರ್ಚಿ ಎಣಿಸುವ ನೆಪದಲ್ಲಿ ದುಂಡವ್ವ ಅಲ್ಲೇ ಹಿಂದೆ ನಿಂತಿದ್ದಳು.

"ಮೇಡಂ, ನಾ ಯಾವಾಗ ತೀರ್ಮಾನ ತಗೊಂಡಿದ್ನಿ?"

"ಈಗ ಸರ್. ನೀವು ಕೈ ಮುಗದ್ರಲ್ರಿ, ಆವಾಗ."

"ಚೇಷ್ಟಿ ಮಾಡಬ್ಯಾಡ್ರಿ. ಒಂದು ಹುಡಿಗಿ ಸಲುವಾಗಿ ನನ್ನ ಸಾಹೇಬ್ರ ಮುಂದ ಸಿಗಿಸಿದ್ರಿ. ನಿಮಗ ಯಾಕ ಇಷ್ಟು? ಆಕಿ ನಿಮಗ ಏನಾಗಬೇಕು?"

ಇಷ್ಟು ವರ್ಷ ಮೂರು ಊರುಗಳು ಕೂಡಿ ಕೇಳದೆ ಉಳಿಸಿದ್ದ ಪ್ರಶ್ನೆ ಅದು. ಜೀನತ ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡಳು.

"ಆಕಿ ನನಗ ಏನೂ ಆಗಬೇಕಿಲ್ರಿ ಸರ್. ನಾನೂ ಆಕಿಯಂಗ ಅದೇನಿ. ಮೊದಲಿನಿಂದನೂ."

ಅಣ್ಣಾಸಾಹೇಬರು ಶಾಲಿನ ಜರಿಯನ್ನು ನೋಡಿದರು. ಡ್ರಮ್ಮನ್ನು ನೋಡಿದರು. ಸೂರ್ಯನನ್ನು ನೋಡಿದರು. "ಬಿಸಿಲಿನ್ಯಾಗ ಭಾಳ ಹೊತ್ತು ನಿಂತೀರಿ ಮೇಡಂ" ಎಂದರು ಕೊನೆಗೆ, ಬಹಳ ಮೃದುವಾಗಿ. "ನೀರು ಕುಡೀರಿ. ನೀವು ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ."

ಅವರು ಕೇಳದಿರುವುದರಲ್ಲಿ ನುರಿತವರು. ದುಂಡವ್ವ ಹಾಗಲ್ಲ. ಆಕೆಯ ಕೈಯಲ್ಲಿದ್ದ ಕುರ್ಚಿ ಅರ್ಧ ಮಡಚಿ ಹಾಗೇ ನಿಂತಿತ್ತು.

ತಮನ್ನಾಳ ಅಪ್ಪ ಆಸೀಫನಿಗೆ ಮಂಗಳವಾರ ಫೋನ್ ಹೋಗಲಿಲ್ಲ. ಬುಧವಾರ ಅಣ್ಣಾಸಾಹೇಬರ ಶಾಲು ಹೊದ್ದ ಫೋಟೊ ಪತ್ರಿಕೆಯಲ್ಲಿ ಬಂದಿತು. ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಕೋಣೆಯಲ್ಲಿ ತೂಗುಹಾಕಿದ ಮೇಲೆ ಇನ್ನು ಫೋನ್ ಮಾಡುವಂತೆಯೂ ಇರಲಿಲ್ಲ. ತಮನ್ನಾ ಪರೀಕ್ಷೆಗೆ ಕೂತಳು. ಇನ್ನು ಮುಂದೆ ವಂದನಾರ್ಪಣೆಯನ್ನು ಮೊದಲೇ ಬರೆದು ಪ್ರಾಂಶುಪಾಲರ ಸಹಿ ಪಡೆದೇ ಓದತಕ್ಕದ್ದು ಎಂದು ಕಾಲೇಜಿನಲ್ಲಿ ಸುತ್ತೋಲೆ ಹೊರಟಿತು. ಅದೆಲ್ಲ ಆಮೇಲಿನ ಮಾತು.

ಆ ಸೋಮವಾರ ಜೀನತ ಕೈಯಲ್ಲಿ ಅಮ್ಮ ಕೊಟ್ಟ ಡಬ್ಬಿ ಹಿಡಿದು ಮನೆಯ ಮೆಟ್ಟಿಲು ಹತ್ತಿದಾಗ ಇನ್ನೂ ಹಗಲಿತ್ತು. ಶೈಲಾ ಬಾಗಿಲಲ್ಲೇ ಇದ್ದಳು.

"ಹುಡಿಗಿ?"

"ಉಳದಳು."

"ನೀ?"

ಜೀನತ ಡಬ್ಬಿ ಕೆಳಗಿಟ್ಟಳು. "ಕೇಳಿದ್ರು. ಹೇಳಿದೆ. ನಿನ್ನ ಹೆಸರು ತಗೀಲಿಲ್ಲ. ಆದ್ರ ದುಂಡವ್ವ ಅಲ್ಲೇ ಇದ್ದಳು."

ಶೈಲಾ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕೆಳಗೆ ಕಾಶೆವ್ವ ಯಾರೊಡನೆಯೋ ಸೊಪ್ಪಿನ ಬೆಲೆಗೆ ಜಗಳವಾಡುವುದು ಕೇಳುತ್ತಿತ್ತು. "ನನ್ನ ಹೆಸರು ತಗಿಯೂದು ಏನೈತಿ" ಎಂದಳು. "ಒಂದ ಮನ್ಯಾಗ ಅದೇವಿ. ಲೆಕ್ಕಾ ಹಾಕಾಕ ದುಂಡವ್ವಗ ಬರೂದಿಲ್ಲೇನು? ನಾಳಿ ಓಣಿಗೆ, ನಾಡದ ಕುಲಗೋಡಕ್ಕ."

"ಸಿಟ್ಟಾದೇನು?"

"ಆಗೇನಿ. ತಡಿ, ಆಮ್ಯಾಲ ಬೈತೇನಿ." ಶೈಲಾ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದಳು. "ಮಂದಿ ಬಾಯಿಲೆ ಕೇಳೂದ್ಕಿಂತ ಮೊದಲ ನಮ್ಮವ್ವ ನನ್ನ ಬಾಯಿಲೆ ಕೇಳಲಿ. ನೀನೂ ಹುಕ್ಕೇರಿಗೆ ಹಚ್ಚು."

"ಅಮ್ಮಿ ಇನ್ನೂ ಸಂತಿ ಮುಗಿಸಿ ಮನಿ ಮುಟ್ಟಿರಾಕಿಲ್ಲ."

"ಹಂಗಾರ ನಂದು ಮೊದಲ."

ಅತ್ತ ಕಡೆ ಬಹಳ ಹೊತ್ತು ಗಂಟೆ ಬಾರಿಸಿತು. ಆಮೇಲೆ ಕುರಿಗಳ ಸದ್ದು, ಗಾಳಿ, ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವ ರಾಮವ್ವನ ದನಿ: "ಯಾಕವಾ, ಡಬ್ಬಿ ಮುಟ್ಟಿಲ್ಲೇನು?"

"ಮುಟ್ಟೈತಿ ಯವ್ವಾ. ಕುರಿ ಕಡೆ ಯಾರನರ ಬಿಟ್ಟು ನೀ ಒಂದೀಟು ಕೂಡು" ಎಂದಳು ಶೈಲಾ. "ಜೀನತಂದೂ ನಂದೂ ಒಂದು ಮಾತೈತಿ."